ನಲ್ಲಿ ನಮ್ಮದು, ಮೀಟರು ಯಾರದು?



ತೆಲಿಗಿ ಸೀಮೆಯವರಿಗೆ ನೀರಿನ ಕಷ್ಟ ಏನೆಂದು ಹೇಳಿಕೊಡಬೇಕಿಲ್ಲ. ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದಷ್ಟು ಸಲೀಸಾಗಿ ಬೋರಿನ ನೀರು ಬದಲಾಗಲಿಲ್ಲ.

ಈ ಸೀಮೆಯ ನೀರಿನಲ್ಲಿ ಎರಡು ಥರದ ವಿಷ ಇದೆ. ಒಂದು ನೆಲದೊಳಗಿನ ಫ್ಲೋರೈಡು. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸೈ ಅನ್ನುತ್ತದೆ ಸರ್ಕಾರದ ಮಾನಕ. ಅದನ್ನು ದಾಟಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ, ವರ್ಷಗಟ್ಟಲೆ ಕುಡಿದವರ ಕೀಲು, ಬೆನ್ನು ಬಿಗಿಯುತ್ತವೆ. ಕುದಿಸಿದರೆ ಹೋಗ್ತೈತಿ ಅಂತ ನಂಬಿದವರಿದ್ದಾರೆ. ಹೋಗೋದಿಲ್ಲ, ನೀರು ಆರಿದಷ್ಟೂ ಅದು ಗಟ್ಟಿಯಾಗುತ್ತದೆ.

ಇನ್ನೊಂದು ಪೈಪಿನಲ್ಲಿ ಸೇರುವ ಹೊಲಸು. 2021ರಲ್ಲಿ ಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಮಂದಿ ತೀರಿಕೊಂಡರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ದೂರದ ಊರಲ್ಲ, ನಮ್ಮ ಬೀಗರ ಊರು ಅನ್ನಿ. ಪೈಪಿನಲ್ಲಿ ನೀರು ತುಂಬಿ ಒತ್ತಡದಲ್ಲಿ ಹರಿಯುವಾಗ ಸೀಳಿದ್ದರೂ ನೀರು ಹೊರಗೆ ಸೋರುತ್ತದೆ. ಮೂರು ದಿನಕ್ಕೊಮ್ಮೆ ನೀರು ಬಿಟ್ಟು ನಿಲ್ಲಿಸಿದಾಗ ಪೈಪು ಬರಿದಾಗಿ, ಪಕ್ಕದ ಚರಂಡಿಯ ಹೊಲಸನ್ನು ಅದೇ ಸೀಳಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಇದು ದೇವರ ಶಾಪವಲ್ಲ. ಪೈಪು ಎಲ್ಲಿ ಹಾಕಿದರು, ಯಾರು ಹಾಕಿದರು, ಬಿಲ್ಲು ಯಾರು ಪಾಸು ಮಾಡಿದರು ಅನ್ನುವ ಲೆಕ್ಕ.

ಈ ಭಯವೇ ಈಗ ಬಂಡವಾಳ. ನಲ್ಲಿ ನೀರಿಗೆ ಹೆದರಿದವನು ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುತ್ತಾನೆ. ಘಟಕ ಕಟ್ಟಿದ್ದು ಸರ್ಕಾರದ ದುಡ್ಡಲ್ಲಿ, ನಡೆಸುವುದು ಎಷ್ಟೋ ಕಡೆ ಖಾಸಗಿ ಏಜೆನ್ಸಿ. ಕೆಟ್ಟರೆ ಏಜೆನ್ಸಿಯವನು ಪಂಚಾಯ್ತಿ ಕಡೆ ಕೈ ತೋರಿಸ್ತಾನೆ, ಪಂಚಾಯ್ತಿಯವರು ಏಜೆನ್ಸಿ ಕಡೆ. ಇನ್ನು ಅಂಗಡಿ ಬಾಟಲಿ: ಲೀಟರಿಗೆ ಇಪ್ಪತ್ತು ರೂಪಾಯಿಯ ಆಸುಪಾಸು. 2025ರ ಮುಂಗಾರಿಗೆ ಮೆಕ್ಕೆಜೋಳಕ್ಕೆ ಕೇಂದ್ರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ಅಂದರೆ ಕಿಲೋಗೆ 24. ಆ ಸುಗ್ಗಿಯಲ್ಲಿ ಪೇಟೆಯಲ್ಲಿ ಅಷ್ಟೂ ಸಿಗಲಿಲ್ಲ, ನಿಮಗೇ ಗೊತ್ತು. ಉತ್ತು ಬಿತ್ತಿ, ಗೊಬ್ಬರಕ್ಕೆ ಸಾಲ ಮಾಡಿ ಬೆಳೆದ ಕಾಳಿಗೂ, ನೆಲದಿಂದ ಪುಕ್ಕಟೆ ಎತ್ತಿದ ನೀರಿಗೂ ಹೆಚ್ಚು ಕಡಿಮೆ ಒಂದೇ ಬೆಲೆ!

ಇದಕ್ಕೆ ದಾರಿ ಮಾಡಿಕೊಟ್ಟದ್ದು ದಿಲ್ಲಿ. 2002ರ ರಾಷ್ಟ್ರೀಯ ಜಲನೀತಿ ಖಾಸಗಿಯವರನ್ನು ನೀರಿನ ಕೆಲಸಕ್ಕೆ ಬಾಗಿಲು ತೆಗೆದು ಕರೆಯಿತು. 2004ರಲ್ಲಿ ವಿಶ್ವಬ್ಯಾಂಕು ನಮ್ಮ ರಾಜ್ಯಕ್ಕೆ ಸಾಲ ಕೊಟ್ಟಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನೀರು ಕೊಡುವ ಕೆಲಸ ಫ್ರಾನ್ಸಿನ ವಿಯೋಲಿಯಾ ಕಂಪನಿಗೆ ಸಿಕ್ಕಿತು. ಸಾಲ ತೀರಿಸುವವರು ನಾವು, ಶುಲ್ಕ ಎಣಿಸಿಕೊಂಡವರು ಅವರು. ನಿಜ ಹೇಳಬೇಕೆಂದರೆ ಆ ವಾರ್ಡುಗಳ ನೀರು ಉಳಿದ ವಾರ್ಡುಗಳಿಗಿಂತ ಶುದ್ಧವಾಗಿತ್ತು. ಅಮೆರಿಕದ ಸಂಶೋಧಕರು ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ. ಆದರೆ ಶುದ್ಧ ಮಾಡಿದ್ದು ಹೊಸ ಪೈಪು ಮತ್ತು ಬಿಡದ ಒತ್ತಡ, ಫ್ರೆಂಚ್ ಹೆಸರಲ್ಲ. ಆ ಪೈಪಿಗೆ ದುಡ್ಡು ಕೊಟ್ಟವರು ನಾವೇ ಅಲ್ಲವೇ? ಅದೇ ದುಡ್ಡನ್ನು ಪಂಚಾಯ್ತಿಗೆ, ಪುರಸಭೆಗೆ ಕೊಟ್ಟು, ನಾಲ್ಕು ಜನ ಕಲಿತ ನೌಕರರನ್ನು ಕೊಡಲು ಏನು ಅಡ್ಡಿ?

ಕಂಪನಿ ಬಂದರೆ ಶಿಸ್ತು ಬರ್ತೈತಿ ಅನ್ನುವವರು ಇಂಗ್ಲೆಂಡನ್ನು ನೋಡಲಿ. ಅಲ್ಲಿ 1989ರಲ್ಲಿ ನೀರನ್ನು ಮಾರಿದರು. ಸಾಲವಿಲ್ಲದೆ ಕೈಗೆ ಬಂದ ಥೇಮ್ಸ್ ವಾಟರ್ ಕಂಪನಿ ಇಂದು ಸಾವಿರ ಕೋಟಿ ಪೌಂಡಿಗೂ ಮಿಕ್ಕ ಸಾಲದಲ್ಲಿದೆ. ಷೇರುದಾರರು ಮಾತ್ರ ಲಾಭಾಂಶ ತಿಂದರು. ನದಿಗೆ ಕೊಳಚೆ ಬಿಟ್ಟದ್ದೂ ಸೇರಿ 2025ರ ಮೇ ತಿಂಗಳಲ್ಲಿ 12 ಕೋಟಿ ಪೌಂಡಿಗೂ ಹೆಚ್ಚು ದಂಡ ಬಿತ್ತು. ರೈತ ಸಾಲ ಮಾಡಿದರೆ ಜಪ್ತಿ, ಕಂಪನಿ ಸಾಲ ಮಾಡಿದರೆ ಪುನಶ್ಚೇತನ! ಬೊಲಿವಿಯಾದ ಕೊಚಬಾಂಬದಲ್ಲಿ 2000ದಲ್ಲಿ ಜನ ಬೀದಿಗಿಳಿದು ನೀರಿನ ಕಂಪನಿಯನ್ನೇ ಓಡಿಸಿದರು. ವಿಯೋಲಿಯಾದ ತವರು ಪ್ಯಾರಿಸ್ಸೇ 2010ರಲ್ಲಿ ನೀರನ್ನು ನಗರಸಭೆಯ ಕೈಗೆ ವಾಪಸು ತೆಗೆದುಕೊಂಡಿತು.

ಅದೆಲ್ಲ ಪೇಟೆ ಮಾತು, ಹಳ್ಳಿಗೇನು ಅನ್ನಬೇಡಿ. 2019ರಲ್ಲಿ ಸಾರಿದ ಜಲ ಜೀವನ್ ಮಿಷನ್ನಿನಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂದರು, ರಸ್ತೆ ಅಗೆದರು, ಎಷ್ಟೋ ಊರಲ್ಲಿ ನಲ್ಲಿಗೆ ಮೀಟರೂ ಕೂರಿಸಿದರು. ನೀರು ಬರುವ ಮೊದಲೇ ಮೀಟರು! 1980ರಲ್ಲಿ ನರಗುಂದ-ನವಲಗುಂದದ ರೈತರ ಮೇಲೆ ಬಿದ್ದದ್ದೂ ಇದೇ ನಮೂನೆ: ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಬಾರದಿದ್ದರೂ ಅಭಿವೃದ್ಧಿ ಕರ ಕಟ್ಟು ಎಂದರು. ಕಟ್ಟೋದಿಲ್ಲ ಎಂದವರಿಗೆ ಗುಂಡು ಸಿಕ್ಕಿತು. ಅದೇ ಮಲಪ್ರಭೆಯ ನೀರೇ ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಹೋಗುತ್ತದೆ ಎಂಬುದನ್ನೂ ನೆನಪಿಡಿ.

ನೀರಿಗೆ ದುಡ್ಡು ಕೊಡುವುದೇ ಬೇಡ ಎಂದು ನಾನು ಹೇಳುವುದಿಲ್ಲ. ನೀರಗಂಟಿಯ ಸಂಬಳ, ಮೋಟಾರಿನ ಕರೆಂಟು ಯಾರಾದರೂ ಕೊಡಲೇಬೇಕು. ಆದರೆ ಲೆಕ್ಕ ಊರಿನ ಮುಂದೆ ಇರಲಿ. ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಬೋರಿನ ಫ್ಲೋರೈಡು ಎಷ್ಟು, ಪರೀಕ್ಷೆ ಯಾವಾಗ ಮಾಡಿಸಿದಿರಿ, ಚೀಟಿ ತೋರಿಸಿ. ಟ್ಯಾಂಕು ಎಂದು ತೊಳೆದಿರಿ, ಕ್ಲೋರಿನ್ ಯಾರು ಹಾಕ್ತಾರೆ? ಚರಂಡಿಯಲ್ಲಿ ಮುಳುಗಿದ ಪೈಪನ್ನು ಯಾವಾಗ ಎತ್ತಿ ಹಾಕ್ತೀರಿ? ಘಟಕದ ಏಜೆನ್ಸಿಯ ಕರಾರು ಪತ್ರ ಎಲ್ಲಿದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ತೆಗೆದುಕೊಂಡೇ ಮನೆಗೆ ಹೋಗಿ.