ನಮ್ಮವರೆಂದು ಹೇಳಿಕೊಂಡವರೆಲ್ಲ ನಮ್ಮವರೇ?

ಕಾರ್ಯದರ್ಶಿಗಳು ಕಳಿಸಿದ ಸಭೆಯ ಸೂಚನೆಗಳೇ ಸಂಘದ ಇ-ಮೇಲ್ ಪೆಟ್ಟಿಗೆಗಳಲ್ಲಿ ಸ್ಪ್ಯಾಮ್ ಎನಿಸಿಕೊಂಡು ಮೂಲೆ ಸೇರುತ್ತಿವೆ ಎಂಬ ದೂರು ನ್ಯಾಯವಾದದ್ದೇ. ಆದರೆ 'ಸಂಘದ ವಿಳಾಸ ಹೊತ್ತು ಬಂದ ಯಾವ ಪತ್ರವನ್ನೂ ಸೋಸಬೇಡಿ, ನೇರವಾಗಿ ಒಳಗೆ ಬಿಡಿ' ಎಂದು ಕೆಲವು ಮಿತ್ರರು ಸೂಚಿಸುತ್ತಿರುವ ಪರಿಹಾರವು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಇನ್‌ಲ್ಯಾಂಡ್ ಪತ್ರದ ಹಿಂಬದಿಯಲ್ಲಿ ಯಾರ ಹೆಸರನ್ನಾದರೂ ಬರೆಯಬಹುದು, ಅಂಚೆಯವನು ಕೇಳುವುದಿಲ್ಲ. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಇ-ಮೇಲ್ ಸಾಗಣೆಯ ನಿಯಮಾವಳಿಯಲ್ಲೂ ಕಳಿಸಿದವರು ಅವರೇ ಹೌದೇ ಎಂದು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಆಗ ಬಳಸುತ್ತಿದ್ದವರು ಕೆಲವೇ ಮಂದಿ, ಬಹುಪಾಲು ವಿದ್ವಾಂಸರು, ನಡೆಯಿತು. ಇಂದು ವಂಚಕರು ಮೊದಲು ಹಾಕಿಕೊಳ್ಳುವ ವೇಷವೇ ನಮ್ಮವರದು. ಅಧ್ಯಕ್ಷರ ಹೆಸರಿನಲ್ಲಿ 'ಸಭೆಯಲ್ಲಿದ್ದೇನೆ, ಫೋನು ಮಾಡಬೇಡಿ, ತುರ್ತಾಗಿ ಗಿಫ್ಟ್ ಕಾರ್ಡು ಕೊಂಡು ಅದರ ಸಂಖ್ಯೆ ಕಳಿಸಿ' ಎಂಬ ಪತ್ರ ಬಂದರೆ, ನಮ್ಮ ನಿವೃತ್ತ ಖಜಾಂಚಿಗಳಂಥ ಸಜ್ಜನರು ಇಲ್ಲವೆನ್ನುವುದುಂಟೆ? ಜರಡಿಯನ್ನು ನಾವೇ ಎತ್ತಿಟ್ಟ ಮೇಲೆ ಅದನ್ನು ತಡೆಯುವವರು ಯಾರು?

ರಿಯಾಯಿತಿ ಬೇಕೆಂದರೆ ಕೊಡೋಣ, ಹೆಸರಿಗಲ್ಲ, ಗುರುತಿಗೆ. ಪಾಸ್‌ವರ್ಡ್ ಕೊಟ್ಟು ನಮ್ಮ ಸರ್ವರ್ ಮೂಲಕವೇ ಪತ್ರ ಕಳಿಸಿದವರನ್ನು ಅದು ಗುರುತಿಸಬಲ್ಲುದು. ಅವರಿಗೆ ಸ್ಪ್ಯಾಮ್ ಅಂಕಗಳ ಲೆಕ್ಕದಿಂದ ವಿನಾಯಿತಿ ಇರಲಿ, ವೈರಸ್ ತಪಾಸಣೆಯಿಂದ ಬೇಡ. ಪಾಸ್‌ವರ್ಡುಗಳೂ ಕಳುವಾಗುತ್ತವೆ, ಆಗ ಬೇಲಿಯೇ ಎದ್ದು ಹೊಲ ಮೇದಂತಾದೀತು. ಹೊರಗಿನ ಸರ್ವರಿನಿಂದ ನಮ್ಮ ವಿಳಾಸ ಹೊತ್ತು ಬಂದ ಪತ್ರವನ್ನಂತೂ ಇನ್ನೂ ಹೆಚ್ಚು ಸಂಶಯದಿಂದ ನೋಡಬೇಕು. ಮಿತ್ರರ ಸಲಹೆ ಇದಕ್ಕೆ ನೇರ ತಿರುಗುಮುರುಗು!

ಇನ್ನೊಂದು ಮಾತು. ನಮ್ಮ ಸರ್ವರಿನ ರಿಯಾಯಿತಿ ನಮ್ಮ ಸರ್ವರಿನಲ್ಲಿರುವ ಪೆಟ್ಟಿಗೆಗಳಿಗಷ್ಟೇ. ಹೆಚ್ಚಿನ ಸದಸ್ಯರು ಜಿಮೇಲ್, ಯಾಹೂ ಬಳಸುವವರು. ಅವರ ಬಾಗಿಲ ಕಾವಲು ನಮ್ಮ ಕೈಲಿಲ್ಲ. 2024ರ ಫೆಬ್ರವರಿಯಿಂದ ಆ ಎರಡೂ ಕಂಪನಿಗಳು ಕಳಿಸುವವರ ದೃಢೀಕರಣವನ್ನು ಕಡ್ಡಾಯಗೊಳಿಸಿವೆ. ಯಾವ ಸರ್ವರುಗಳು ನಮ್ಮ ಪರವಾಗಿ ಕಳಿಸಬಹುದೆಂದು ಸಾರುವ ಎಸ್‌ಪಿಎಫ್ ದಾಖಲೆ, ಪತ್ರಕ್ಕೆ ಮುದ್ರೆಯೊತ್ತುವ ಡಿಕೆಐಎಂ, ಇವೆರಡಕ್ಕೂ ತಪ್ಪಿದ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಎಂಎಆರ್‌ಸಿ: ಇವುಗಳನ್ನು ಸರಿಪಡಿಸಲು ಬಲ್ಲವರಿಗೆ ಒಂದು ಸಂಜೆಯ ಕೆಲಸ. ನಮ್ಮ ಸದಸ್ಯರ ಮಕ್ಕಳಲ್ಲೇ ಅಂಥವರು ಹತ್ತು ಜನ ಸಿಕ್ಕಾರು. ಕಾರ್ಯಕಾರಿ ಸಮಿತಿಯು ಆ ಸಲಹೆಗೆ ಒಪ್ಪಿಗೆಯೊತ್ತುವ ಮೊದಲು ಅವರಲ್ಲೊಬ್ಬರನ್ನು ಕರೆದು ಕೇಳಲಿ.