ಕೂಸು ಹುಟ್ಟುವ ಮುನ್ನ ಕುಲಾವಿ: ಟ್ಯಾಬ್ಲೆಟ್ ಕನೆಕ್ಟರ್ ವದಂತಿಗಳೂ ವರ್ತಕರ ಬಂಡವಾಳವೂ

ಹೊಸ ಟ್ಯಾಬ್ಲೆಟ್ ಒಂದು ಮಾರುಕಟ್ಟೆಗೆ ಬರುವ ಮುನ್ನ ಅದರ ಸುದ್ದಿ ಬರುತ್ತದೆ. ಸುದ್ದಿಗೂ ಮುನ್ನ ವದಂತಿ ಬರುತ್ತದೆ. ಚಾರ್ಜಿಂಗ್ ಕನೆಕ್ಟರ್ ಬದಲಾಗುವುದಂತೆ, ಹೆಡ್‌ಫೋನ್ ಜಾಕ್ ಇರುವುದಿಲ್ಲವಂತೆ, ಇನ್ನು ಮುಂದೆ ಯಾವ ಪೋರ್ಟೂ ಇರುವುದಿಲ್ಲವಂತೆ ಎಂಬ ಮಾತುಗಳು ಪ್ರತಿ ವರ್ಷವೂ ಕೇಳಿಬರುತ್ತವೆ. ಗ್ರಾಹಕನಿಗೆ ಇದು ಕೇವಲ ಕುತೂಹಲದ ವಿಷಯ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಬಲ್ಲು, ಇಯರ್‌ಫೋನುಗಳನ್ನು ಸಗಟಾಗಿ ಮಾರುವ ವರ್ತಕನಿಗೂ, ಟ್ಯಾಬ್ಲೆಟ್ ಕವಚಗಳಿಗಾಗಿ ಅಚ್ಚು ಕಡೆಯುವ ಸಣ್ಣ ತಯಾರಕನಿಗೂ ಇದು ಬಂಡವಾಳದ ಪ್ರಶ್ನೆ. ಯಾವ ಸರಕನ್ನು ತರಿಸಬೇಕು, ಯಾವುದನ್ನು ಖಾಲಿ ಮಾಡಬೇಕು, ಯಾವ ಅಚ್ಚಿಗೆ ಮುಂಗಡ ಕೊಡಬೇಕು ಎಂಬ ತೀರ್ಮಾನಗಳೆಲ್ಲ ಆ ಪುಟ್ಟ ಕಿಂಡಿಯ ಆಕಾರವನ್ನೇ ಅವಲಂಬಿಸಿವೆ.

ಇಂತಹ ತೀರ್ಮಾನಗಳನ್ನು ವದಂತಿಯ ಆಧಾರದ ಮೇಲೆ ಕೈಗೊಳ್ಳುವುದು ಎಷ್ಟರಮಟ್ಟಿಗೆ ವಿವೇಕ? ಕಳೆದ ಒಂದೂವರೆ ದಶಕದ ಅನುಭವವು ಈ ಪ್ರಶ್ನೆಗೆ ಸಾಕಷ್ಟು ಸ್ಪಷ್ಟವಾದ ಉತ್ತರವನ್ನೇ ನೀಡುತ್ತದೆ.

2012ರ ಪಾಠ

ಆಪಲ್ ಸಂಸ್ಥೆಯು 2003ರಲ್ಲಿ ಐಪಾಡ್ ಸಂಗೀತ ಸಾಧನಕ್ಕೆ ಅಳವಡಿಸಿದ 30 ಪಿನ್‌ಗಳ ಅಗಲವಾದ ಕನೆಕ್ಟರ್ 2010ರ ಮೊದಲ ಐಪ್ಯಾಡ್‌ನಲ್ಲಿಯೂ ಮುಂದುವರಿಯಿತು. ಅದನ್ನು ನಂಬಿ ಜಗತ್ತಿನಾದ್ಯಂತ ಸ್ಪೀಕರ್, ಡಾಕ್, ಕಾರ್ ಚಾರ್ಜರ್‌ಗಳ ದೊಡ್ಡ ಉದ್ಯಮವೇ ಬೆಳೆದಿತ್ತು. 2012ರಲ್ಲಿ ಈ ಕನೆಕ್ಟರ್ ಚಿಕ್ಕದಾಗಲಿದೆಯೆಂಬ ವದಂತಿ ಹಬ್ಬಿತು. ಹೊಸದರಲ್ಲಿ 19 ಪಿನ್‌ಗಳಿರುತ್ತವೆಯೆಂದು ವರ್ಷದ ಮಧ್ಯಭಾಗದಲ್ಲಿ ವರದಿಗಳು ಬಂದವು. ಸೆಪ್ಟೆಂಬರ್‌ನಲ್ಲಿ ಐಫೋನ್ 5ರೊಡನೆ ಬಂದ ಲೈಟ್ನಿಂಗ್ ಕನೆಕ್ಟರ್‌ನಲ್ಲಿ ಇದ್ದದ್ದು ಪ್ರತಿ ಬದಿಗೆ 8 ಸಂಪರ್ಕಗಳು. ಕನೆಕ್ಟರ್ ಚಿಕ್ಕದಾಗುತ್ತದೆ ಎಂಬ ವದಂತಿ ನಿಜವಾಯಿತು; ಆದರೆ ತಯಾರಕನಿಗೆ ಬೇಕಾದ ವಿವರ ಸುಳ್ಳಾಯಿತು.

ಟ್ಯಾಬ್ಲೆಟ್ ವ್ಯಾಪಾರಕ್ಕೆ ಇನ್ನೂ ದೊಡ್ಡ ಪೆಟ್ಟು ಅಕ್ಟೋಬರ್‌ನಲ್ಲಿ ಬಿದ್ದಿತು. ಆ ವರ್ಷದ ಮಾರ್ಚ್‌ನಲ್ಲಷ್ಟೇ 30 ಪಿನ್ ಕನೆಕ್ಟರ್‌ನೊಡನೆ ಬಂದಿದ್ದ ಮೂರನೆಯ ಐಪ್ಯಾಡ್‌ನ ಸ್ಥಾನವನ್ನು, ಕೇವಲ ಏಳು ತಿಂಗಳಲ್ಲಿ, ಲೈಟ್ನಿಂಗ್ ಇರುವ ನಾಲ್ಕನೆಯ ಐಪ್ಯಾಡ್ ಆಕ್ರಮಿಸಿತು. ಒಂದು ಮಾದರಿ ಕನಿಷ್ಠ ಒಂದು ವರ್ಷವಾದರೂ ಬಾಳುತ್ತದೆಂಬ ಲೆಕ್ಕಾಚಾರದ ಮೇಲೆ ಸರಕು ತುಂಬಿಕೊಂಡವರ ಲೆಕ್ಕ ತಲೆಕೆಳಗಾಯಿತು.

ಕನೆಕ್ಟರ್‌ನ ಆಕಾರವು ಖಚಿತವಾಗಿ ತಿಳಿದ ಮೇಲೂ ಅಪಾಯ ತಪ್ಪುವುದಿಲ್ಲ. ಲೈಟ್ನಿಂಗ್ ಪ್ಲಗ್ಗಿನೊಳಗೆ ದೃಢೀಕರಣದ ಚಿಪ್ ಇದ್ದುದರಿಂದ ಅಧಿಕೃತ ಬಿಡಿಸರಕು ತಯಾರಿಸಲು ಆಪಲ್‌ನ ಪರವಾನಗಿ ಅಗತ್ಯವಾಯಿತು. ಅಮೆರಿಕದ ಒಂದು ಪುಟ್ಟ ಸಂಸ್ಥೆಯು ‘ಪಾಪ್’ ಎಂಬ ಚಾರ್ಜಿಂಗ್ ಸಾಧನಕ್ಕಾಗಿ ಸಾರ್ವಜನಿಕರಿಂದ ಮುಂಗಡ ಹಣ ಸಂಗ್ರಹಿಸಿತ್ತು. ಲೈಟ್ನಿಂಗನ್ನು ಬೇರೆ ಕನೆಕ್ಟರ್‌ಗಳ ಜೊತೆ ಒಂದೇ ಸಾಧನದಲ್ಲಿ ಅಳವಡಿಸಲು ಅನುಮತಿ ದೊರೆಯದ ಕಾರಣ 2012ರ ಡಿಸೆಂಬರ್‌ನಲ್ಲಿ ಹಣವನ್ನೆಲ್ಲ ಹಿಂದಿರುಗಿಸುವುದಾಗಿ ಅದು ಘೋಷಿಸಬೇಕಾಯಿತು. ಆಪಲ್ ಆನಂತರ ತನ್ನ ನಿಯಮವನ್ನು ಸಡಿಲಿಸಿತು. ಆದರೆ ದೊಡ್ಡವರ ನಿಯಮ ಸಡಿಲವಾಗುವವರೆಗೆ ಬಡ್ಡಿ ಕಟ್ಟುತ್ತ ಕಾಯುವ ಶಕ್ತಿ ಎಷ್ಟು ಮಂದಿ ಸಣ್ಣ ತಯಾರಕರಿಗಿದೆ?

ಕವಚ ತಯಾರಕರ ಪಾಡು ಇದಕ್ಕೂ ಒಂದು ವರ್ಷ ಮೊದಲೇ ಬಯಲಾಗಿತ್ತು. 2011ರಲ್ಲಿ ಹೊಸ ಐಫೋನ್ ಒಂದು ತುದಿಯಲ್ಲಿ ತೆಳುವಾಗಿ, ಹನಿಯ ಆಕಾರದಲ್ಲಿರುತ್ತದೆಂಬ ವದಂತಿಯನ್ನು ನಂಬಿ ಹಲವರು ಆ ಆಕಾರದ ಕವಚಗಳನ್ನು ತಯಾರಿಸಿದರು. ಅಕ್ಟೋಬರ್ 4ರಂದು ಪ್ರಕಟವಾದ ಐಫೋನ್ 4ಎಸ್ ಹಿಂದಿನ ಮಾದರಿಯ ಆಕಾರದಲ್ಲಿಯೇ ಇತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರಿಗೆ ಕುಲಾವಿಯಷ್ಟೇ ಉಳಿಯಿತು.

ಹೆಡ್‌ಫೋನ್ ಜಾಕ್: ಮರಣವಾರ್ತೆ ಮೊದಲು, ಮರಣ ಆಮೇಲೆ

ವದಂತಿಯಿಂದಾಗುವ ನಷ್ಟ ಇನ್ನೂ ಒಂದು ಬಗೆಯದಿದೆ. ಅದು ಹಳೆಯ ಸರಕನ್ನು ಅವಸರದಿಂದ ಕಳೆದುಕೊಳ್ಳುವ ನಷ್ಟ. ಹೊಸದನ್ನು ಮುಂಚಿತವಾಗಿ ಕೊಂಡವನ ನಷ್ಟ ಗೋದಾಮಿನಲ್ಲಿ ಕಣ್ಣಿಗೆ ಕಾಣುತ್ತದೆ. ಹಳೆಯದನ್ನು ಬೇಗ ಮಾರಿದವನ ನಷ್ಟ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. 3.5 ಮಿ.ಮೀ. ಹೆಡ್‌ಫೋನ್ ಜಾಕ್‌ನ ಕಥೆ ಇದಕ್ಕೆ ನಿದರ್ಶನ.

ಟ್ರಾನ್ಸಿಸ್ಟರ್ ರೇಡಿಯೋಗಳಿಂದ ಪರಿಚಿತವಾಗಿ, 1979ರ ಸೋನಿ ವಾಕ್‌ಮನ್‌ನಿಂದ ಮನೆಮಾತಾದ ಈ ಜಾಕ್ ಅನ್ನು ಆಪಲ್ 2016ರ ಸೆಪ್ಟೆಂಬರ್‌ನಲ್ಲಿ ಐಫೋನ್ 7ರಿಂದ ಕೈಬಿಟ್ಟಿತು. ಟ್ಯಾಬ್ಲೆಟ್‌ಗಳಲ್ಲಿಯೂ ಇನ್ನು ಅದು ಉಳಿಯದೆಂಬ ಮಾತು ಕೂಡಲೇ ಹಬ್ಬಿತು. ನಡೆದದ್ದು ಹೀಗೆ: 2018ರಲ್ಲಿ ದುಬಾರಿ ಐಪ್ಯಾಡ್ ಪ್ರೊ ಮಾದರಿಗಳಿಂದ ಜಾಕ್ ಮಾಯವಾಗಿ ಯು.ಎಸ್.ಬಿ.-ಸಿ ಬಂದಿತು. 2020ರಲ್ಲಿ ಐಪ್ಯಾಡ್ ಏರ್, 2021ರಲ್ಲಿ ಐಪ್ಯಾಡ್ ಮಿನಿ, 2022ರ ಅಕ್ಟೋಬರ್‌ನಲ್ಲಿ ಹತ್ತನೆಯ ತಲೆಮಾರಿನ ಸಾಮಾನ್ಯ ಐಪ್ಯಾಡ್ ಅದೇ ಹಾದಿ ಹಿಡಿದವು. ಆದರೂ ಜಾಕ್ ಮತ್ತು ಲೈಟ್ನಿಂಗ್ ಎರಡನ್ನೂ ಹೊಂದಿದ್ದ ಒಂಬತ್ತನೆಯ ತಲೆಮಾರಿನ ಅಗ್ಗದ ಐಪ್ಯಾಡ್ 2024ರ ಮೇ ತಿಂಗಳವರೆಗೂ ಆಪಲ್‌ನ ಮಾರಾಟಪಟ್ಟಿಯಲ್ಲಿತ್ತು. ಸ್ಯಾಮ್‌ಸಂಗ್ ಸಂಸ್ಥೆಯೂ 2019ರ ಟ್ಯಾಬ್ ಎಸ್6ರಲ್ಲಿ ಜಾಕ್ ತೆಗೆದುಹಾಕಿತಾದರೂ 2023ರ ಅಗ್ಗದ ಟ್ಯಾಬ್ ಎ9ರಲ್ಲಿ ಅದನ್ನು ಉಳಿಸಿಕೊಂಡಿತು.

ಇದರಿಂದ ವರ್ತಕನು ತಿಳಿಯಬೇಕಾದುದು ಇಷ್ಟೆ. ಬದಲಾವಣೆಯು ದುಬಾರಿ ಮಾದರಿಯಿಂದ ಅಗ್ಗದ ಮಾದರಿಗೆ ಇಳಿಯಲು ವರ್ಷಗಳೇ ಹಿಡಿಯುತ್ತವೆ. ಶಾಲೆ, ತರಬೇತಿ ಕೇಂದ್ರ, ಅಂಗಡಿಗಳ ಬಿಲ್ಲಿಂಗ್ ಕೌಂಟರ್‌ಗಳಲ್ಲಿ ಬಳಕೆಯಾಗುವುದು ಬಹುಮಟ್ಟಿಗೆ ಅಗ್ಗದ ಮಾದರಿಗಳೇ. ಮಾರಾಟ ನಿಂತ ಮೇಲೂ ಅವು ವರ್ಷಗಟ್ಟಲೆ ಬಳಕೆಯಲ್ಲಿದ್ದು ಕೇಬಲ್, ಇಯರ್‌ಫೋನ್, ದುರಸ್ತಿ ಭಾಗಗಳನ್ನು ಬೇಡುತ್ತವೆ. 2018ರ ಸುದ್ದಿಗೆ ಬೆದರಿ ಲೈಟ್ನಿಂಗ್ ಕೇಬಲ್‌ಗಳನ್ನೂ ಜಾಕ್ ಇರುವ ಇಯರ್‌ಫೋನ್‌ಗಳನ್ನೂ ಅಸಲಿಗಿಂತ ಕಡಿಮೆಗೆ ಮಾರಿದವನು, ಐದಾರು ವರ್ಷ ನಿಧಾನವಾಗಿ ಲಾಭ ತರಬಹುದಾಗಿದ್ದ ಸರಕನ್ನು ಕೈಯಾರೆ ಕಳೆದುಕೊಂಡಂತಾಯಿತು.

ಕಿಂಡಿ ಒಂದೇ, ಒಳಗಿನದು ಬೇರೆ

ಎಲ್ಲರೂ ಯು.ಎಸ್.ಬಿ.-ಸಿಗೆ ಬಂದಾಯಿತು, ಇನ್ನು ಚಿಂತೆಯಿಲ್ಲ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಷ್ಟೇ ಇದೆ. 24 ಪಿನ್‌ಗಳ ಈ ಕನೆಕ್ಟರ್ ಹೊರಗೆ ಒಂದೇ ರೀತಿ ಕಂಡರೂ ಒಳಗಿನ ಸಾಮರ್ಥ್ಯ ಬೇರೆ ಬೇರೆಯಾಗಿರುತ್ತದೆ. 2021ರ ಐಪ್ಯಾಡ್ ಪ್ರೊ ಸೆಕೆಂಡಿಗೆ 40 ಗಿಗಾಬಿಟ್ ವೇಗವನ್ನು ಬೆಂಬಲಿಸಿದರೆ, 2022ರ ಸಾಮಾನ್ಯ ಐಪ್ಯಾಡ್‌ನ ಅದೇ ಆಕಾರದ ಪೋರ್ಟ್ ಹಳೆಯ ಯು.ಎಸ್.ಬಿ. 2.0ರ 480 ಮೆಗಾಬಿಟ್‌ಗೆ ಸೀಮಿತವಾಗಿತ್ತು.

ಹೆಡ್‌ಫೋನ್ ಅಡಾಪ್ಟರ್‌ಗಳದೂ ಇದೇ ಕಥೆ. ಕೆಲವು ಆಂಡ್ರಾಯ್ಡ್ ಸಾಧನಗಳು ಯು.ಎಸ್.ಬಿ.-ಸಿ ಪೋರ್ಟಿನ ಮೂಲಕ ನೇರವಾಗಿ ಅನಲಾಗ್ ಧ್ವನಿಯನ್ನು ಕೊಡುತ್ತವೆ. ಅವುಗಳಿಗೆ ತಂತಿ ಮಾತ್ರವಿರುವ ಅಗ್ಗದ ಅಡಾಪ್ಟರ್ ಸಾಕು. ಐಪ್ಯಾಡ್‌ನಂತಹವು ಡಿಜಿಟಲ್ ಸಂಕೇತವನ್ನಷ್ಟೇ ಕೊಡುವುದರಿಂದ ಅಡಾಪ್ಟರ್‌ನೊಳಗೆ ಅದನ್ನು ಧ್ವನಿಯಾಗಿ ಪರಿವರ್ತಿಸುವ ಚಿಪ್ ಇರಲೇಬೇಕು. ಎರಡೂ ಅಡಾಪ್ಟರ್‌ಗಳು ನೋಡಲು ಒಂದೇ ತೆರ. ಮೊದಲ ಬಗೆಯದನ್ನು ಐಪ್ಯಾಡ್ ಗ್ರಾಹಕನಿಗೆ ಮಾರಿದ ಅಂಗಡಿಗೆ ಸರಕು ಮರಳಿ ಬರುತ್ತದೆ, ಗ್ರಾಹಕ ಮರಳಿ ಬರುವುದಿಲ್ಲ.

ಕೇಬಲ್‌ನ ತಪ್ಪು ಇದಕ್ಕಿಂತ ಗಂಭೀರ. ಹಳೆಯ ಅಗಲ ಬಾಯಿಯ ಚಾರ್ಜರ್‌ನಿಂದ ಯು.ಎಸ್.ಬಿ.-ಸಿ ಸಾಧನಕ್ಕೆ ಹೋಗುವ ಕೇಬಲ್‌ನಲ್ಲಿ 56 ಕಿಲೋಓಮ್ ರೆಸಿಸ್ಟರ್ ಇರಬೇಕೆಂಬುದು ನಿಯಮ. ಅದರ ಬದಲು 10 ಕಿಲೋಓಮ್ ಹಾಕಿದರೆ, ಮೂರು ಆಂಪಿಯರ್ ಲಭ್ಯವಿದೆಯೆಂದು ಸಾಧನವು ತಪ್ಪಾಗಿ ತಿಳಿದು ದುರ್ಬಲ ಚಾರ್ಜರ್‌ನಿಂದ ಮಿತಿಮೀರಿ ವಿದ್ಯುತ್ ಸೆಳೆಯುತ್ತದೆ. 2015ರಿಂದ ಇಂತಹ ಕೇಬಲ್‌ಗಳನ್ನು ಪರೀಕ್ಷಿಸುತ್ತಿದ್ದ ಗೂಗಲ್ ಎಂಜಿನಿಯರ್ ಬೆನ್ಸನ್ ಲಿಯಂಗ್ ಅವರ ಲ್ಯಾಪ್‌ಟಾಪ್ 2016ರಲ್ಲಿ ತಪ್ಪಾಗಿ ಬೆಸೆದ ಒಂದು ಕೇಬಲ್‌ನಿಂದ ಕೆಟ್ಟುಹೋಯಿತು. ಅದೇ ವರ್ಷ ಅಮೆಜಾನ್ ತನ್ನ ಮಾರುಕಟ್ಟೆಯಲ್ಲಿ ನಿಯಮಬಾಹಿರ ಯು.ಎಸ್.ಬಿ.-ಸಿ ಕೇಬಲ್‌ಗಳ ಮಾರಾಟವನ್ನು ನಿಷೇಧಿಸಿತು. ವದಂತಿಯ ಬೆನ್ನುಹತ್ತಿ ಎಲ್ಲರಿಗಿಂತ ಮೊದಲು ಸರಕು ತರಿಸುವ ಅವಸರದಲ್ಲಿ ಪರೀಕ್ಷೆಗೆ ಸಮಯ ಉಳಿಯುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ವದಂತಿಗಿಂತ ಕಾಯ್ದೆ ಲೇಸು

ಹಾಗಾದರೆ ವರ್ತಕನು ಯಾವುದನ್ನು ನಂಬಬೇಕು? ಪ್ರಕಟಿತ ಮಾನಕವನ್ನೂ ದಿನಾಂಕ ಸಹಿತವಾದ ಕಾನೂನನ್ನೂ ನಂಬಬೇಕು. ಫೋನ್, ಟ್ಯಾಬ್ಲೆಟ್ ಮುಂತಾದವುಗಳಿಗೆ ಯು.ಎಸ್.ಬಿ.-ಸಿ ಕಡ್ಡಾಯಗೊಳಿಸುವ ಪ್ರಸ್ತಾವವನ್ನು ಯುರೋಪಿನ ಸಂಸತ್ತು 2022ರ ಅಕ್ಟೋಬರ್ 4ರಂದು 602 ಮತಗಳಿಂದ ಅಂಗೀಕರಿಸಿತು. ವಿರೋಧವಾಗಿ ಬಿದ್ದದ್ದು 13 ಮತಗಳು. ನಿಯಮ ಅನ್ವಯವಾದದ್ದು 2024ರ ಡಿಸೆಂಬರ್ 28ರಿಂದ. ಎರಡು ವರ್ಷಗಳಿಗೂ ಮಿಕ್ಕಿದ ಈ ಅವಧಿಯಲ್ಲಿ ಸಣ್ಣ ವರ್ತಕನು ಹಳೆಯ ಸರಕನ್ನು ಕ್ರಮವಾಗಿ ಕರಗಿಸಿ, ಹೊಸದನ್ನು ಪರೀಕ್ಷಿಸಿ ತರಿಸಿಕೊಳ್ಳಲು ಸಾಧ್ಯವಿತ್ತು. ಇಷ್ಟು ದೀರ್ಘವಾದ ಮುನ್ಸೂಚನೆಯನ್ನು ಯಾವ ವದಂತಿಯೂ ಕೊಡಲಾರದು.

ಭಾರತದಲ್ಲಿ 2022ರ ನವೆಂಬರ್ 16ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಸಭೆಯಲ್ಲಿ ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್‌ಗಳಿಗೆ ಯು.ಎಸ್.ಬಿ.-ಸಿ ಅಳವಡಿಸುವ ಬಗ್ಗೆ ಒಮ್ಮತ ಮೂಡಿತು. ಇದರ ಬೆನ್ನಲ್ಲೇ ಭಾರತೀಯ ಮಾನಕ ಬ್ಯೂರೊ ಐ.ಎಸ್./ಐ.ಇ.ಸಿ. 62680ರ ಸಂಬಂಧಿತ ಭಾಗವನ್ನು ಭಾರತೀಯ ಮಾನಕವಾಗಿ ಪ್ರಕಟಿಸಿತು. ಮಾನಕ ಪ್ರಕಟವಾಗುವುದು ಬೇರೆ, ಅದು ಕಡ್ಡಾಯವಾಗುವುದು ಬೇರೆ ಎಂಬ ವ್ಯತ್ಯಾಸವನ್ನು ವರ್ತಕರು ಮರೆಯಬಾರದು. ಕೇಬಲ್ ಮಾರುವವರು ಆ ಮಾನಕದ ಅರಿವನ್ನಾದರೂ ಪಡೆದಿರಬೇಕು. ಚಾರ್ಜರ್ ಅಡಾಪ್ಟರ್ ಹಾಗೂ ಪವರ್ ಬ್ಯಾಂಕ್‌ಗಳಿಗಂತೂ ಬ್ಯೂರೊದ ನೋಂದಣಿ ಕಡ್ಡಾಯ.

ಈಗ ಹಬ್ಬುತ್ತಿರುವುದು ಯಾವ ಪೋರ್ಟೂ ಇಲ್ಲದ ಸಾಧನಗಳ ವದಂತಿ. ಯುರೋಪಿನ ನಿಯಮವು ತಂತಿಯ ಮೂಲಕ ಚಾರ್ಜ್ ಆಗುವ ಸಾಧನಗಳಿಗೆ ಮಾತ್ರ ಅನ್ವಯಿಸುವುದರಿಂದ ಇದು ಕಾನೂನಿನ ದೃಷ್ಟಿಯಿಂದ ಅಸಾಧ್ಯವಲ್ಲ. ಆದರೆ ಅಸಾಧ್ಯವಲ್ಲದ್ದೆಲ್ಲ ನಾಳೆಯೇ ನಡೆಯುವುದೂ ಇಲ್ಲ. ಬಂದರೂ ಅದು ಮೊದಲು ದುಬಾರಿ ಮಾದರಿಯಲ್ಲಿ ಬರುವ ಸಂಭವವೇ ಹೆಚ್ಚು.

ಮೊದಲಿಗನ ಲಾಭ

ಇದಕ್ಕೆ ಪ್ರತಿಯಾಗಿ ಒಂದು ವಾದವಿದೆ, ಅದು ತಳ್ಳಿಹಾಕುವಂಥದಲ್ಲ. ಹೊಸ ಮಾದರಿ ಬಂದ ಮೊದಲ ಕೆಲವು ವಾರಗಳಲ್ಲಿಯೇ ಬಿಡಿಸರಕಿಗೆ ಒಳ್ಳೆಯ ಬೆಲೆ. ಆಮೇಲೆ ಪೈಪೋಟಿಯಲ್ಲಿ ಲಾಭ ಕರಗುತ್ತದೆ. ಎಲ್ಲವೂ ಖಚಿತವಾಗುವವರೆಗೆ ಕಾದು ಕುಳಿತವನಿಗೆ ಉಳಿಯುವುದು ಸಿಪ್ಪೆ ಮಾತ್ರ ಎನ್ನುತ್ತಾರೆ ಅನುಭವಿಗಳು. ಗಾಳಿ ಬಂದಾಗ ತೂರಿಕೊಳ್ಳದಿದ್ದರೆ ಅದೆಂಥ ವ್ಯಾಪಾರ?

ವಾದ ಸರಿ. ಆದರೆ ಪಣಕ್ಕೆ ಒಡ್ಡುವ ಹಣ ಯಾರದು ಎಂಬುದನ್ನು ನೋಡಬೇಕು. ಸ್ವಂತ ಬಂಡವಾಳದ ಒಂದು ಸಣ್ಣ ಪಾಲನ್ನು ಇಂತಹ ಸಾಹಸಕ್ಕೆ ಮೀಸಲಿಡುವುದು ವ್ಯಾಪಾರ. ಬ್ಯಾಂಕಿನ ಓಡಿ ಸಾಲದಲ್ಲಿ ಇಡೀ ಗೋದಾಮು ತುಂಬುವುದು ಜೂಜು. ಜೊತೆಗೆ, ಮಾರಾಟವಾಗದ ಸರಕನ್ನು ನಾಶಪಡಿಸಿದರೆ ಅಥವಾ ಲೆಕ್ಕದಿಂದ ತೊಡೆದುಹಾಕಿದರೆ, ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೇ ಪ್ರಕರಣದ ಪ್ರಕಾರ ಅದರ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನೂ ಬಿಟ್ಟುಕೊಡಬೇಕಾಗುತ್ತದೆ. ಸರಕಿನ ಅಸಲಿನೊಡನೆ ತೆರಿಗೆಯೂ ಕೈಬಿಡುತ್ತದೆ.

ಕೈಗೊಳ್ಳಬಹುದಾದ ಕ್ರಮಗಳು

ಮೊದಲನೆಯದಾಗಿ, ದಾಸ್ತಾನನ್ನು ಎರಡಾಗಿ ವಿಂಗಡಿಸಬೇಕು. ಮಾನಕಕ್ಕೆ ಅನುಗುಣವಾದ ಕೇಬಲ್, ಚಾರ್ಜರ್‌ಗಳು ಯಾವ ಮಾದರಿ ಬಂದರೂ ಮಾರಾಟವಾಗುತ್ತವೆ. ಅವುಗಳಲ್ಲಿ ಧೈರ್ಯವಾಗಿ ಹಣ ಹೂಡಬಹುದು. ಒಂದೇ ಮಾದರಿಗೆ ಹೊಂದುವ ಕವಚ, ಡಾಕ್‌ಗಳಿಗೆ ಮಾತ್ರ ಕಟ್ಟುನಿಟ್ಟಾದ ಮಿತಿ ಇರಬೇಕು.

ಎರಡನೆಯದಾಗಿ, ಕವಚ ತಯಾರಕರು ಪೋರ್ಟ್ ಮತ್ತು ಜಾಕ್‌ನ ರಂಧ್ರಗಳಿರುವ ಭಾಗವನ್ನು ಅಚ್ಚಿನಲ್ಲಿ ಬೇರೆ ತುಂಡಾಗಿ ಮಾಡಿಸಿಕೊಳ್ಳುವುದು ಒಳಿತು. ರಂಧ್ರ ಮಾತ್ರ ಬದಲಾದಾಗ ಆ ತುಂಡನ್ನಷ್ಟೇ ಬದಲಿಸಿದರೆ ಸಾಕು. ಇಡೀ ಅಚ್ಚು ವ್ಯರ್ಥವಾಗದು.

ಮೂರನೆಯದಾಗಿ, ಹೊಸ ಮಾದರಿಯ ಸರಕಿಗೆ ಸಗಟುದಾರರಿಂದ ವಾಪಸಾತಿಯ ಷರತ್ತನ್ನು ಲಿಖಿತವಾಗಿ ಪಡೆಯಬೇಕು. ಬಾಯಿಮಾತಿನ ಭರವಸೆ ಸರಕು ಉಳಿದಾಗ ನೆನಪಿಗೆ ಬರುವುದಿಲ್ಲ. ಅಡಾಪ್ಟರ್‌ನ ಪೊಟ್ಟಣದ ಮೇಲೆ ಅದು ಯಾವ ಸಾಧನಗಳಿಗೆ ಹೊಂದುತ್ತದೆಂಬುದನ್ನು ಸ್ಪಷ್ಟವಾಗಿ ನಮೂದಿಸುವಂತೆಯೂ ಒತ್ತಾಯಿಸಬೇಕು.

ಕೊನೆಯದಾಗಿ, ಒಬ್ಬೊಬ್ಬ ವರ್ತಕನಿಂದ ಆಗದ ಕೆಲಸವನ್ನು ವಾಣಿಜ್ಯ ಸಂಘಗಳು ಮಾಡಬಹುದು. ಯು.ಎಸ್.ಬಿ.-ಸಿ ಕೇಬಲ್‌ನ ಜೋಡಣೆಯನ್ನು ತೋರಿಸುವ ಪರೀಕ್ಷಾ ಉಪಕರಣವೊಂದನ್ನು ಸದಸ್ಯರ ಸಾಮಾನ್ಯ ಬಳಕೆಗೆ ಇರಿಸುವುದು ದೊಡ್ಡ ವೆಚ್ಚದ ಮಾತಲ್ಲ. ಹೊಸ ಮಾನಕಗಳನ್ನು ಕಡ್ಡಾಯಗೊಳಿಸುವಾಗ ಯುರೋಪಿನಂತೆ ದೀರ್ಘ ಕಾಲಾವಕಾಶವನ್ನೂ ನಿಶ್ಚಿತ ದಿನಾಂಕವನ್ನೂ ಕೊಡಬೇಕೆಂದು ಕೇಂದ್ರ ಸರ್ಕಾರವನ್ನು ಒತ್ತಾಯಿಸುವುದೂ ಸಂಘಗಳ ಕರ್ತವ್ಯವೇ ಆಗಿದೆ. ನಿಶ್ಚಿತ ದಿನಾಂಕವಿಲ್ಲದ ಕಡೆ ವದಂತಿಯೇ ಪಂಚಾಂಗವಾಗುತ್ತದೆ.

ಟ್ಯಾಬ್ಲೆಟ್‌ಗಳು ಬದಲಾಗುತ್ತಲೇ ಇರುತ್ತವೆ. ಅವುಗಳ ಕುರಿತ ವದಂತಿಗಳಿಗೂ ಕೊನೆಯಿಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಹಿರಿಯರ ಮಾತು ಇಂದಿಗೂ ಸತ್ಯ. ಆದರೆ ತೂರಲು ಬೇಕಾದುದು ಗಾಳಿ, ಗಾಳಿಸುದ್ದಿಯಲ್ಲ. ಕಣದಲ್ಲಿ ರಾಶಿ ಇದೆಯೇ ಎಂದು ಮೊದಲು ನೋಡಿಕೊಂಡ ವರ್ತಕನೇ ಕೊನೆಗೆ ಕಾಳನ್ನು ಮನೆಗೆ ಒಯ್ಯುತ್ತಾನೆ.