ಕಣಜ ಬೆಳೆದಾಗ ಬೇಕಾಗುವ ವಿವೇಕ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಗಣಕಯಂತ್ರದ ವಿಚಾರವೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಕಂಬಂ, ಬೋಡಿ, ದಿಂಡಿಗಲ್ ಸೀಮೆಯ ನಮ್ಮ ಕನ್ನಡ ಮನೆಗಳ ಮಕ್ಕಳು ಬೆಂಗಳೂರು, ಚೆನ್ನೈಗಳಿಗೆ ಹೋಗಿ ತಂತ್ರಾಂಶದ ವೃತ್ತಿಯನ್ನು ಹಿಡಿಯುತ್ತಿರುವ ಈ ಕಾಲದಲ್ಲಿ, ಆ ವೃತ್ತಿಯ ಒಂದು ಮೂಲಪ್ರಶ್ನೆಯನ್ನು ಇಲ್ಲಿ ಎತ್ತುವುದು ಅಪ್ರಸ್ತುತವಾಗಲಾರದು.

ಇಂದು ಹೊಸದಾಗಿ ಕಲಿಯುವವರ ಕೈಗೆ ಮೊದಲು ಸಿಗುವುದು ರೇಲ್ಸ್, ಜಾಂಗೋ ಮುಂತಾದ ಸಿದ್ಧ ಚೌಕಟ್ಟುಗಳು. 2004-05ರ ಸುಮಾರಿಗೆ ಹೊರಬಂದ ಇವು ಡೇಟಾಬೇಸಿಗೆ ಕೇಳಬೇಕಾದ ಪ್ರಶ್ನೆಗಳನ್ನು ತಾವೇ ರಚಿಸಿಕೊಡುತ್ತವೆ. ಅಂಗಡಿಯ ಲೆಕ್ಕಕ್ಕೆ, ಶಾಲೆಯ ದಾಖಲಾತಿಗೆ ಇವು ಧಾರಾಳವಾಗಿ ಸಾಕು. ಇವನ್ನು ಹೀಗಳೆಯುವವನು ನಾನಲ್ಲ. ಮೊದಲ ದಿನವೇ ಕೋಟಿ ಜನರಿಗಾಗಿ ಮಹಲು ಕಟ್ಟಹೊರಡುವುದು ದುಂದುಗಾರಿಕೆಯೇ ಸರಿ. ನನ್ನ ಆಕ್ಷೇಪವಿರುವುದು ಇವು ಮರೆಮಾಡುವ ಸಂಗತಿಯ ಬಗೆಗೆ. ನೂರು ವಿದ್ಯಾರ್ಥಿಗಳ ಹೆಸರನ್ನು ಅವರ ಪೋಷಕರ ಹೆಸರಿನೊಡನೆ ತೋರಿಸಲು, ಅಜಾಗರೂಕತೆಯಿಂದ ಬರೆದ ತಂತ್ರಾಂಶವು ಪಟ್ಟಿಗಾಗಿ ಒಮ್ಮೆ, ಬಳಿಕ ಒಬ್ಬೊಬ್ಬರಿಗೂ ಒಮ್ಮೊಮ್ಮೆ, ಒಟ್ಟು 101 ಸಲ ಡೇಟಾಬೇಸಿನ ಬಾಗಿಲು ತಟ್ಟುತ್ತದೆ. ಸಣ್ಣ ಕಣಜದಲ್ಲಿ ಇದು ಯಾರ ಗಮನಕ್ಕೂ ಬಾರದು. ಸಾವಿರಾರು ಜನ ಏಕಕಾಲಕ್ಕೆ ಕೇಳುವಲ್ಲಿ ಅದೇ ಯಂತ್ರದ ಉಸಿರು ಕಟ್ಟುತ್ತದೆ.

ಆಗ ದತ್ತಾಂಶವನ್ನು ಹಲವು ಯಂತ್ರಗಳಿಗೆ ಹಂಚಬೇಕಾಗುತ್ತದೆ. ಆದರೆ ಹಂಚುವುದು ಯಾವ ಆಧಾರದ ಮೇಲೆ? ಪೆರಿಯಾರಿನ ನೀರನ್ನು ತೂಬು ಕಾಲುವೆಗಳಲ್ಲಿ ಹಂಚಿಕೊಂಡು ಬಾಳಿದ ಕಂಬಂ ಕಣಿವೆಯವರಿಗೆ ಈ ಪ್ರಶ್ನೆಯ ತೂಕ ತಿಳಿದೀತು.

ಕರ್ನಾಟಕದ 'ಭೂಮಿ' ಯೋಜನೆಯನ್ನೇ ನೋಡಿ. ನಮ್ಮಲ್ಲಿ ಪಟ್ಟಾ, ಚಿಟ್ಟಾ ಇರುವಂತೆ ಅಲ್ಲಿ ಪಹಣಿ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಗಣಕಕ್ಕೇರಿಸಿದಾಗ, ಆರಂಭದಲ್ಲಿ ತಾಲ್ಲೂಕಿಗೊಂದು ಡೇಟಾಬೇಸನ್ನು ಇರಿಸಲಾಯಿತು. ರೈತ ಕೇಳುವುದು ತನ್ನ ಊರಿನ ಸರ್ವೆ ನಂಬರನ್ನು. ಉತ್ತರ ಅವನ ತಾಲ್ಲೂಕಿನಲ್ಲೇ ಇದೆ. ನೆಲವೇ ಹಂಚಿಕೆಯ ಗೆರೆಯನ್ನು ಎಳೆದುಕೊಟ್ಟಿತ್ತು. ಆದರೆ ಒಬ್ಬನೇ ರೈತನಿಗೆ ಮೂರು ತಾಲ್ಲೂಕುಗಳಲ್ಲಿ ಒಟ್ಟು ಎಷ್ಟು ಎಕರೆ ಇದೆ ಎಂದು ಕೇಳಿದರೆ, ಇಂಥ ಹಂಚಿಕೆಯಲ್ಲಿ ಮೂರು ಕಡೆಯೂ ಹುಡುಕಬೇಕಾಗುತ್ತದೆ.

ಆಧಾರ್‌ನ ಕಥೆ ಇನ್ನೂ ಕಠಿಣ. 2009ರಲ್ಲಿ ಸ್ಥಾಪಿತವಾದ ಪ್ರಾಧಿಕಾರವು 2010ರ ಸೆಪ್ಟೆಂಬರಿನಲ್ಲಿ ಮೊದಲ ಸಂಖ್ಯೆಯನ್ನು ನೀಡಿತು. 2016ರ ಏಪ್ರಿಲ್ ವೇಳೆಗೆ 100 ಕೋಟಿ ದಾಟಿತು. ಸಂಖ್ಯೆ ಹೇಳಿ ಬೆರಳಿಟ್ಟವರನ್ನು ಪರೀಕ್ಷಿಸುವುದು ಸುಲಭ: ಆ ಸಂಖ್ಯೆಯೇ ದಾಖಲೆಯಿರುವ ಯಂತ್ರವನ್ನು ತೋರಿಸಬಲ್ಲದು. ಹೊಸಬರ ನೋಂದಣಿ ಹಾಗಲ್ಲ. ಈತ ಹಿಂದೆಯೇ ಬೇರೆಲ್ಲಾದರೂ ನೋಂದಾಯಿಸಿದ್ದಾನೆಯೇ ಎಂದು ತಿಳಿಯಲು ಇಡೀ ಕಣಜದೊಡನೆ ಹೋಲಿಸಬೇಕು. ಕಣಜದಲ್ಲಿ 60 ಕೋಟಿ ಜನರಿದ್ದು ದಿನಕ್ಕೆ 10 ಲಕ್ಷ ಹೊಸಬರು ಬಂದರೆ, ಹೋಲಿಕೆಗಳು 600 ಲಕ್ಷ ಕೋಟಿ! ಆದುದರಿಂದಲೇ ಅಲ್ಲಿ ದಾಖಲೆಗಳಿಗೆ ಹಂಚಿಟ್ಟ ಡೇಟಾಬೇಸುಗಳು, ಬೆರಳಚ್ಚು ಹಾಗೂ ಕಣ್ಪಾಪೆಯ ಹೋಲಿಕೆಗೆ ಮೂರು ಕಂಪನಿಗಳ ಪ್ರತ್ಯೇಕ ವ್ಯವಸ್ಥೆಗಳು ಎಂದು ಕೆಲಸವನ್ನೇ ಬೇರ್ಪಡಿಸಬೇಕಾಯಿತು. ಇಂಥ ನಿರ್ಧಾರವನ್ನು ಯಾವ ಸಿದ್ಧ ಚೌಕಟ್ಟೂ ಮಾಡಿಕೊಡಲಾರದು.

ಒಂದೇ ದತ್ತಾಂಶ, ಎರಡು ಪ್ರಶ್ನೆ. ಒಂದಕ್ಕೆ ಒಪ್ಪುವ ಹಂಚಿಕೆ ಇನ್ನೊಂದಕ್ಕೆ ಒಪ್ಪದು. ಇದನ್ನು ಕಲಿಸುವ ಬದಲು ಆರು ತಿಂಗಳಲ್ಲಿ ಚೌಕಟ್ಟೊಂದನ್ನು ಬಾಯಿಪಾಠ ಮಾಡಿಸಿ ಕೆಲಸಕ್ಕೆ ಕಳುಹಿಸುವ ತರಬೇತಿಯನ್ನು ನಾನು ಒಪ್ಪಲಾರೆ. ನಷ್ಟ ಕಂಪನಿಗಷ್ಟೇ ಆಗುವುದಾದರೆ ಸುಮ್ಮನಿರಬಹುದಿತ್ತು. ಪಡಿತರದಂಗಡಿಯ ಮುಂದೆ ಬೆರಳೊತ್ತಿ ನಿಂತ ಮುದುಕಿಯ ಅಕ್ಕಿಯೂ ಈಗ ದೂರದ ಕಣಜವೊಂದರ ಉತ್ತರಕ್ಕಾಗಿ ಕಾಯುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ರಜೆಗೆ ಊರಿಗೆ ಬಂದಾಗ ಒಂದೆರಡು ದಿನ ಶಾಲೆಗೆ ಬನ್ನಿ. ಐವತ್ತು ವರ್ಷಗಳ ದಾಖಲಾತಿ ಪುಸ್ತಕಗಳನ್ನು ಮಕ್ಕಳ ಮುಂದಿರಿಸಿ, ಒಂದು ಕ್ರಮಸಂಖ್ಯೆಯ ವಿದ್ಯಾರ್ಥಿ ಯಾರು, ಒಂದು ಊರಿನಿಂದ ಬಂದವರೆಷ್ಟು, ಒಂದೇ ಮನೆಯ ಅಣ್ಣತಮ್ಮಂದಿರು ಯಾರು ಯಾರು ಎಂದು ಕೇಳಿ. ಯಾವುದಕ್ಕೆ ಒಂದು ಪುಟ ಸಾಕು, ಯಾವುದಕ್ಕೆ ಪುಸ್ತಕಗಳನ್ನೆಲ್ಲ ತಿರುವಬೇಕು ಎಂಬುದನ್ನು ಅವರೇ ಹೇಳಲಿ. ಗಣಕಯಂತ್ರವನ್ನು ಆಮೇಲೆ ತೆರೆದರಾಯಿತು.